ಸಣ್ಣ ಲಗ್ನ, ದೊಡ್ಡ ಯಾದಿ

ಹೋದ ವಾರ ಸಂಜೀಕೆ ಭಾಜಿ ತರಲಿಕ್ಕೆ ಹೋದಾಗ ನಮ್ಮ ಓಣಿಯವರೊಬ್ಬರು ಹಿಡದು ನಿಲ್ಲಿಸಿದ್ರು. "ಏನ್ರೀ, ಮಗಳ ಲಗ್ನ ಅಮೇರಿಕಾದ ಪಾರ್ಕಿನಾಗ ಮುಗಿಸಿಬಿಟ್ರಂತ! ಪುಣ್ಯಾ ಮಾಡೀರಿ ಬಿಡ್ರಿ. ಕಾರ್ಯಾಲಯದ ಬಾಡಿಗಿ ಇಲ್ಲ, ಅಡಗಿಯವರ ಕಾಟ ಇಲ್ಲ, ಮಂದಿ ಇಲ್ಲ. ಅಗದೀ ಸೂಕ್ಷ್ಮದಾಗ ಕೆಲಸಾ ಆತು." ನಾ ಹೂಂ ಅಂದು ಮೆಂತೆ ಸೂಡು ಆರಿಸಲಿಕ್ಕೆ ಹತ್ತಿದೆ.

ಮನಿಗೆ ಬಂದ ಮ್ಯಾಲೂ ಆ ಮಾತು ತಲ್ಯಾಗ ಉಳೀತು. ಈಗೀಗ ಎಲ್ಲಾರೂ ಇದನ್ನ ಹೇಳ್ತಾರ. ಸಣ್ಣ ಲಗ್ನ ಮಾಡ್ರಿ, ರೊಕ್ಕಾ ಉಳಸ್ರಿ, ತ್ರಾಸು ಕಡಿಮಿ ಅಂತ. ರೊಕ್ಕಾ ಉಳೀತದ, ಖರೇ. ತ್ರಾಸಿನ ಮಾತು ಮಾತ್ರ ನಾ ಒಪ್ಪೂದಿಲ್ಲ. ನಾನೂ ಈಗ ಸಣ್ಣ ಲಗ್ನದ ಕಡೆಯಾಕೀನ. ಆದ್ರ ಅದರ ತ್ರಾಸು ಎಲ್ಲಿರ್ತದ ಅನ್ನೂದನ್ನ ಮಾಡಿದವರು ಹೇಳಬೇಕಲ್ರಿ. ಅದಕ್ಕ ಬರೀಲಿಕ್ಕೆ ಕೂತೇನಿ.

ನಮ್ಮ ಮಗಳು ನ್ಯೂಯಾರ್ಕಿನಾಗ ಕೆಲಸಕ್ಕ ಇರ್ತಾಳ. ಹುಡುಗ ಬಂಗಾಲಿ, ಅಲ್ಲೇ ಕೆಲಸ. ಇಬ್ಬರೂ ಸಂಜೀಕೆ ಆಫೀಸು ಮುಗಿಸಿ ಸೆಂಟ್ರಲ್ ಪಾರ್ಕಿನಾಗ ನಡೀಲಿಕ್ಕೆ ಹೋಗ್ತಿದ್ರಂತ. ಹುಡುಗನ್ನ ನೋಡಿ, ಅವರ ಮನಿಯವರ ಜೋಡಿ ಮಾತಾಡಿ, ನಮಗೆಲ್ಲಾ ಒಪ್ಪಿಗಿ ಆದ ಮ್ಯಾಲೆ ಒಂದು ಐತವಾರ ಫೋನ್ ಮಾಡಿದ್ಲು.

"ಅಮ್ಮಾ, ಲಗ್ನ ಪಾರ್ಕಿನಾಗ ಮಾಡ್ಕೋತೀವಿ. ಕೆರಿ ದಂಡಿಗೆ ಒಂದು ಸಣ್ಣ ಮಂಟಪ ಅದ. ಎರಡೂ ಕಡೆ ಸೇರಿ ಮೂವತ್ತು ಮಂದಿ."

"ಮೂವತ್ತು ಅಂದ್ರ ಮುನ್ನೂರೇನ?"

"ಅಲ್ಲಮ್ಮಾ. ಮೂರರ ಮುಂದ ಒಂದ ಸೊನ್ನಿ."

ನಮ್ಮನಿಯವರು ಪೇಪರಿನ ಹಿಂದಿಂದ ಹೊರಗ ಬರಲೇ ಇಲ್ಲ. ನಮ್ಮ ಅತ್ತಿಯವರಿಗೆ 84 ವರ್ಷ, ಕಿವಿ ಮಂದ. ಅವರಿಗೆ ಮಾತ್ರ ಎಲ್ಲಾ ಕೇಳಿಸಿತ್ತು. "ಪಾರ್ಕಿನಾಗ ಅಂದ್ರ ಮಂದಿ ಅಡ್ಡಾಡೂ ಜಾಗಾದಾಗ?" ಅಂತ ಒಂದ ಸಲ ಕೇಳಿ ಸುಮ್ಮನಾದ್ರು.

ಮೂವತ್ತರಾಗ ಹುಡುಗನ ಕಡೆಯವರು ಹದಿನೈದು, ಭಟ್ರು ಮತ್ತ ಫೋಟೋದವ ಸೇರಿ ನಾಕು. ನಮ್ಮ ಪಾಲಿಗೆ ಉಳದದ್ದು ಹನ್ನೊಂದು. ನಾವಿಬ್ಬರು, ಬಾಸ್ಟನ್ನಿನಾಗಿರೂ ಮಗ, ಸೊಸಿ, ಮೊಮ್ಮಗ ಅಂದ್ರ ಐದಾತು. ಇನ್ನಾರು ಮಗಳ ಗೆಳತ್ಯಾರು.

ಮಗನ ಲಗ್ನ ಹುಬ್ಬಳ್ಳ್ಯಾಗ ಮಾಡಿದಾಗಿನ ಯಾದಿ ಇನ್ನೂ ನನ್ನ ಟ್ರಂಕಿನಾಗ ಅದ, ನೋಟಬುಕ್ಕು. 640 ಹೆಸರು. ಊರಿನ ಪ್ರಕಾರ ಬರದದ್ದು, ಯಾರ ಆಹೇರ ಏನು ಅನ್ನೂದು ಕೆಂಪು ಶಾಯಿಲೆ ಬಾಜೂಕ್ಕ. ಅವತ್ತು ರಾತ್ರಿ ಅದನ್ನ ತಗದು ಕೂತೆ. ಆಗ ಹೆಸರು ಕೂಡಸೂದು ತ್ರಾಸಾಗಿತ್ತು. "ಅಯ್ಯ ಗಜೇಂದ್ರಗಡದವರನ್ನ ಮರತೇ ಬಿಟ್ಟಿದ್ವಲ್ಲ" ಅಂತ ನಡುರಾತ್ರಿ ಎದ್ದು ಬರದದ್ದು ನೆನಪದ. ಈಗ ಕಳಿಯೂ ಲೆಕ್ಕ. ನೋಡ್ರಿ, ಯಾದ್ಯಾಗಿಂದ ಒಂದು ಹೆಸರು ತಗೀಬೇಕಂದ್ರ ಆ ಮನಿಶ್ಯಾ ಪೂರ್ತಿ ಎದುರಿಗೆ ಬಂದು ನಿಂದರ್ತಾನ. ನನ್ನ ಬಾಣಂತನದಾಗ ಮೂರು ವಾರ ಬಂದು ಉಳದ ಮೌಶಿ. ನಮ್ಮನಿಯವರ ಆಪರೇಶನ್ ಆದಾಗ ದವಾಖಾನಿ ವರಾಂಡಾದಾಗ ಮಲಗಿದ ಕಾಕಾನ ಮಗ. ಆ 640ರಾಗ ಎರಡು ನೂರು ಮಂದಿ ಹಿಂಗ ಕಣ್ಣಿಗೆ ಕಟ್ಟೂವಂಥವರಲ್ಲ ಅನ್ನೂದೂ ಗೊತ್ತಾತು, ಅದೂ ಖರೇ. ಅವರನ್ನ ಯಾಕ ಕರದಿದ್ವಿ ಅಂತ ನನಗ ನೆನಪಾಗಲಿಲ್ಲ. ಅವರು ನಮ್ಮನ್ನ ಕರದಿದ್ರು, ಅದಕ್ಕ ನಾವು ಅವರನ್ನ ಕರದ್ವಿ, ಇಷ್ಟ.

ಗಂಡಾ ಹೆಂಡ್ತಿ ಕೂತು ಒಂದು ನಿಯಮ ಮಾಡಿದ್ವಿ. ಎರಡೂ ಕಡೆ ಅಣ್ಣ ತಮ್ಮ, ಅಕ್ಕ ತಂಗಿ ಯಾರನ್ನೂ ಕರೆಯೂಹಂಗಿಲ್ಲ. ಒಬ್ಬರನ್ನ ಕರದ್ರ ಎಲ್ಲಾರನೂ ಕರೀಬೇಕು. ನಿಯಮ ಮಾಡೂದು ಸರಳರೀ. ನಾ ಅದನ್ನ ನಮ್ಮ ಅಣ್ಣಗ ಹೇಳಬೇಕಿತ್ತಲ್ಲ.

ನಾ ಪಿಯುಸಿ ಕಲಿಯೂ ಮುಂದ ನಮ್ಮಪ್ಪ ತೀರಿಕೊಂಡ್ರು. ನನ್ನ ಫೀ ತುಂಬಿದಾವ ಅಣ್ಣ. ಮುಂದ ನನ್ನ ಲಗ್ನ ಮಾಡಿದಾವನೂ ಅವನ. ಗದಗಿನಾಗ ಸಾಲಿ ಮಾಸ್ತರಾಗಿ ರಿಟೈರಾಗ್ಯಾನ. ಅದಕ್ಕಿಂತ ಹೆಚ್ಚು, ಅಂವಾ ಹುಡಿಗಿಗೆ ಸೋದರಮಾವ. ನಮ್ಮ ಕಡೆ ಲಗ್ನದಾಗ ಮದಮಗಳನ್ನ ಮಂಟಪಕ್ಕ ಕರಕೊಂಡು ಬರೂದು ಯಾರು? ಸೋದರಮಾವ. ಮದಮಗಳ ಹಿಂದ ನಿಂದರೂದು ಯಾರು? ಅವನ. ಇದನ್ನೆಲ್ಲಾ ತಿಳದಾಕಿ, ನಾ ಏನು ಮಾಡಿದೆ ಗೊತ್ತೇನ್ರಿ? ಗದಗ ನಮ್ಮೂರಿಂದ ಎರಡು ತಾಸಿನ ಹಾದಿ, ಹೋಗಲಿಲ್ಲ. ಫೋನ್ ಮಾಡಿ, "ಅಣ್ಣಾ, ಅಲ್ಲೇ ಸೂಕ್ಷ್ಮದಾಗ ಮಾಡ್ಕೋತಾರಂತ. ನಿನ್ನ ಕರೀಬೇಕು ಅಂತ ಭಾಳ ಇತ್ತು, ಆದ್ರ ವೀಸಾ ಸಿಗೂದು ಈಗ ಎಷ್ಟು ಕಠಿಣ ಅದ ಅಂತ ನಿನಗ ಗೊತ್ತಲ್ಲ" ಅಂದೆ.

ಒಂದು ನಿಮಿಷ ಆ ಕಡೆ ಸಪ್ಪಳ ಇಲ್ಲ. ಆಮ್ಯಾಲೆ ಅಂದ, "ನಂದು ವೀಸಾ ಅದ ತಂಗಿ. ಡಲ್ಲಾಸಿಗೆ ಮೊಮ್ಮಗನ ಹೆಸರಿಡಲಿಕ್ಕೆ ಹೋದಾಗ ಹತ್ತು ವರ್ಷದ್ದು ಕೊಟ್ಟಾರ. ಇನ್ನೂ ಏಳು ವರ್ಷ ಅದ."

ಆ ಹೆಸರಿಡೂದರ ಪೇಢೇದ ಡಬ್ಬಿ ನಮ್ಮ ಮನ್ಯಾಗ ಜೀರಿಗಿ ಹಾಕಿಡಲಿಕ್ಕೆ ಬಳಸ್ತೀನಿ ನಾ. ಮರತಿದ್ದೆ. "ಇರ್ಲಿ ಬಿಡವಾ, ಸುಖವಾಗಿ ಮಾಡ್ರಿ" ಅಂತ ಹೇಳಿ ಫೋನ್ ಇಟ್ಟ. ಮುಂದ ಮೂರು ತಿಂಗಳು ಅವನ ಫೋನ್ ಇಲ್ಲ. ನಾ ಮಾಡಿದ್ರ ವೈನಿ ಎತ್ತತಿದ್ರು. "ಅವರು ಹೊರಗ ಹೋಗ್ಯಾರ" ಅಂತಿದ್ರು. ಹಿಂದ ಟೀವಿ ಸಪ್ಪಳ, ಅವನ ಕೆಮ್ಮು ಕೇಳಿಸ್ತಿತ್ತು.

ಆಗಲಿ, ಪಾರ್ಕಿನ ಸುದ್ದಿಗೆ ಬರೋಣ. ಅಲ್ಲಿ ಕಲತದ್ದು ಭಾಳ ಅದ.

ಸೆಂಟ್ರಲ್ ಪಾರ್ಕು ಅಂದ್ರ ಊರ ನಟ್ಟನಡುವ 843 ಎಕರೆ. ನೋಡಿದ್ರ ದೇವರ ಮಾಡಿಟ್ಟ ಅಡವಿ ಅನಸ್ತದ, ಆದ್ರ ಕೆರಿ, ದಿನ್ನಿ, ದಾರಿ ಎಲ್ಲಾ ಮನಶ್ಯಾರು ಮಾಡಿದ್ದು. ಓಮ್‌ಸ್ಟೆಡ್ ಮತ್ತ ವಾಕ್ಸ್ ಅನ್ನೂ ಇಬ್ಬರು ನಕ್ಷಾ ಹಾಕಿದ್ರು, 1858ರಿಂದ ಮಂದಿಗೆ ತಗದದ. ಅದರ ಪಶ್ಚಿಮದ ಕಡೆ, 82ನೇ ಸ್ಟ್ರೀಟಿನಿಂದ ಮುಂದ, ಪಾರ್ಕು ಆಗೂಕಿಂತ ಮದಲ ಸೆನೆಕಾ ವಿಲೇಜ್ ಅಂತ ಒಂದು ಹಳ್ಳಿ ಇತ್ತು. ಹೆಚ್ಚಾಗಿ ಕರಿಯ ಜನ, ಸ್ವಂತ ಮನಿ, ಚರ್ಚು, ಸಾಲಿ ಇತ್ತು. 1857ರಾಗ ಅವರನ್ನೆಲ್ಲಾ ಎಬ್ಬಿಸಿದ್ರು. ಇದನ್ನ ನಮ್ಮ ಬೀಗರು ನಡಕೋತ ಹೋಗೂ ಮುಂದ ಹೇಳಿದ್ರು. ಎಲ್ಲಾರಿಗೂ ತಗದ ಜಾಗಾದಾಗೂ ಮದಲ ಯಾರನ್ನೋ ಹೊರಗ ಹಾಕಿರ್ತಾರ ಅಂತ ನನಗ ಅಣ್ಣನ ನೆನಪಾತು. ಅದು ದೊಡ್ಡ ಅನ್ಯಾಯ, ನಂದು ಸಣ್ಣದು, ಆದ್ರ ತಪ್ಪು ಮಾಡಿದ ಮನಸ್ಸು ಎಲ್ಲಾ ಕಡೆ ಅದನ್ನ ಹುಡಕ್ತದ.

ಮಗಳು ಆರಿಸಿದ ಜಾಗಾಕ್ಕ ಲೇಡೀಸ್ ಪೆವಿಲಿಯನ್ ಅಂತಾರ. ಕೆರಿಯ ಪಶ್ಚಿಮ ದಂಡಿಗೆ ಅದ, ಮ್ಯೂಸಿಯಂ ಹತ್ತರ 77ನೇ ಸ್ಟ್ರೀಟಿನಿಂದ ಒಳಗ ಹೋದ್ರ ಕೆಲವ ನಿಮಿಷದ ದಾರಿ. ಎರಕದ ಕಬ್ಬಿಣದ ಕಂಬ, ಮ್ಯಾಲೆ ಮಾಡು, ಸುತ್ತ ನೀರು, ಆಚೆ ಕಡೆ ಎತ್ತರದ ಕಟ್ಟಡಗೋಳು. 1871ರಾಗ ಕಟ್ಟಿದ್ದು. ಮತ್ತ ಏನಿತ್ತಂತ ಗೊತ್ತೇನ್ರಿ? ಪಾರ್ಕಿನ ಮೂಲ್ಯಾಗ ಟ್ರಾಮಿಗೆ ಕಾಯೂ ಮಂದಿ ನಿಂದರೂ ಜಾಗಾ! ನಮ್ಮ ಬಸ್ ಸ್ಟಾಪ್ ಇದ್ದಂಗ. ಆಮ್ಯಾಲೆ ಎತ್ತಿ ಕೆರಿ ದಂಡಿಗೆ ತಂದು ಇಟ್ಟಾರ. ನಮ್ಮ ಮಗಳ ಲಗ್ನ ಬಸ್ ಸ್ಟಾಪಿನಾಗ ಆತು ಅಂತ ನಮ್ಮನಿಯವರು ಇನ್ನೂ ಹೇಳ್ಕೋತ ನಗ್ತಾರ. ಮಾಡು ಅದ, ಮಳಿ ಬಂದ್ರ ನಿಂದರಬಹುದು, ಅದಕ್ಕ ಅದನ್ನ ಆರಿಸಿದ್ದು. ಬಯಲಾಗ ಲಗ್ನ ಇಟ್ಕೊಳ್ಳೂರು ಮದಲ ಮಳಿ ಬಂದ್ರ ಎಲ್ಲಿ ನಿಂದರೂದು ಅಂತ ನೋಡಬೇಕು, ಎರಡನೇದು ಸಂಡಾಸು ಎಲ್ಲಿ ಅದ ಅಂತ ನೋಡಬೇಕು. ಹೂವು ಹಣ್ಣು ಆಮ್ಯಾಲೆ.

ಅಲ್ಲಿ 20 ಮಂದಿ ದಾಟಿದ ಕಾರ್ಯಕ್ರಮಕ್ಕ ಪಾರ್ಕು ಇಲಾಖೆಯ ಪರವಾನಗಿ ಬೇಕು. ಅರ್ಜಿಗೆ 25 ಡಾಲರ್. ಪರವಾನಗಿ ಸಿಕ್ಕ ದಿನಾನ ನಮ್ಮ ಮುಹೂರ್ತ ಆತು, ಜೂನ್ ತಿಂಗಳ ಒಂದು ಗುರುವಾರ ಮುಂಜಾನೆ ಒಂಬತ್ತೂವರಿ. ವಾರದ ನಡುವ, ಮುಂಜಾನೆ ಇದ್ರ ಗದ್ದಲ ಕಡಿಮಿ ಅಂತ. ಅತ್ತಿಯವರು ಪಂಚಾಂಗ ತಗಸಿ ನೋಡಿ, "ರಾಹುಕಾಲ ಇಲ್ಲ, ನಡೀತದ" ಅಂದ್ರು. ಕಾಯಿದೇದ ಲಗ್ನಕ್ಕ ಬ್ಯಾರೆ ಲೈಸೆನ್ಸು. ಸಿಟಿ ಕ್ಲರ್ಕ್ ಆಫೀಸಿನಾಗ 35 ಡಾಲರ್ ಕೊಟ್ಟು ತಗೋಬೇಕು, ತಗೊಂಡ ಮ್ಯಾಲೆ 24 ತಾಸು ಕಾಯಬೇಕು, 60 ದಿವಸದಾಗ ಲಗ್ನ ಆಗಬೇಕು. ಮಾಡಸೂ ಭಟ್ರು ಅದೇ ಆಫೀಸಿನಾಗ ಹೆಸರು ನೋಂದಿಸಿರಬೇಕು. ಒಬ್ಬ ಸಾಕ್ಷಿ ಸಾಕು. ಇಂಥದ ಮಂತ್ರ, ಇಂಥದ ರೀತಿ ಅಂತ ಆ ರಾಜ್ಯದ ಕಾಯಿದೆ ಕೇಳೂದಿಲ್ಲ. ನಾವಿಬ್ಬರೂ ಗಂಡ ಹೆಂಡ್ತಿ ಅಂತ ಅವರ ಮುಂದ ಒಪ್ಪಿಕೊಂಡು ಹೇಳಿದ್ರ ಆತು.

ಪಾರ್ಕಿನ ನಿಯಮದ ಕಾಗದ ಮಗಳು ಫೋನಿನಾಗ ಓದಿ ಹೇಳಿದ್ಲು. ಒಂದೊಂದು ಕೇಳಿದಂಗ ನನ್ನ ಎದಿ ಒಂದೊಂದು ಮೆಟ್ಲಾ ಇಳೀತು. ಡೇರೆ ಹಾಕೂಹಂಗಿಲ್ಲ. ಅಂದ್ರ ಹಂದರಗಂಬ ಇಲ್ಲ. ಗಿಡಕ್ಕ ಏನೂ ಕಟ್ಟೂಹಂಗಿಲ್ಲ. ತೋರಣ ಇಲ್ಲ, ಬಾಳಿಗಿಡ ಇಲ್ಲ. ಕುರ್ಚಿ ಸಾಲು ಹಚ್ಚೂಹಂಗಿಲ್ಲ. ಮೈಕು ಇಲ್ಲ. ಬೆಂಕಿ ಇಲ್ಲವೇ ಇಲ್ಲ, ಹೋಮದ ಮಾತು ದೂರ ಉಳೀತು, ಆರತಿಯ ಕರ್ಪೂರನೂ ಇಲ್ಲ. ಕಡೀಕೆ ಹೇಳಿದ್ಲು, "ಅಮ್ಮಾ, ಅಕ್ಕಿ ಒಗಿಯೂಹಂಗಿಲ್ಲ. ಹೂವಿನ ಪಕಳಿನೂ ಇಲ್ಲ."

"ಅಕ್ಕಿಕಾಳು ಇಲ್ಲದ ಲಗ್ನನ ಏನು?" ಅಂತ ಚೀರಿದೆ ನಾ. ನಮ್ಮ ಕಡೆ ಲಗ್ನಕ್ಕ ಹೋಗೂದಕ್ಕ 'ಅಕ್ಕಿಕಾಳಿಗೆ ಹೋಗೂದು' ಅಂತನ ಅಂತಾರ. ಅಕ್ಕಿಕಾಳು ಬಿದ್ದಿತಂದ್ರ ಲಗ್ನ ಆತು. ಅಕ್ಕಿ ತಿಂದ್ರ ಹಕ್ಕಿ ಹೊಟ್ಟಿ ಒಡೀತದ ಅಂತ ಆ ದೇಶದಾಗ ಮಂದಿ ಹೇಳ್ತಾರ. ಅದು ಸುಳ್ಳು, ನಮ್ಮ ಅಂಗಳದ ಗುಬ್ಬಿಗೋಳು ಅಕ್ಕಿ ನುಚ್ಚು ತಿಂದ ದೊಡ್ಡವಾಗ್ಯಾವ. ಆದ್ರ ದಿನಕ್ಕ ಹತ್ತಾರು ಲಗ್ನ ಆಗೂ ಜಾಗಾದಾಗ ಎಲ್ಲಾರೂ ಮುಷ್ಟಿ ಮುಷ್ಟಿ ಒಗದ್ರ ಬಳಿಯೂರು ಯಾರು? ನ್ಯೂಯಾರ್ಕಿನ ಇಲಿಗೋಳು ಬೆಕ್ಕಿನಷ್ಟ ಇರ್ತಾವರೀ, ಕಣ್ಣಾರೆ ನೋಡೇನಿ.

ಒಂದು ದಿನ ಸಿಟ್ಟು ಮಾಡಿಕೊಂಡು ಕೂತೆ. ಎರಡನೇ ದಿನ ವಿಚಾರಾ ಮಾಡಲಿಕ್ಕೆ ಹತ್ತಿದೆ. ನಮ್ಮೂರಾಗ ಲಗ್ನ ಅಂದ್ರ ಓಣಿಯ ರಸ್ತೆಕ್ಕ ಹಂದರ ಹಾಕಿ ಎರಡು ದಿನ ಬಂದ್ ಮಾಡ್ತೀವಿ. ಆಂಬುಲೆನ್ಸ್ ಬಂದ್ರ ಹಿಂದ ಹೋಗಿ ಸುತ್ತಿ ಬರಬೇಕು. ಮರುದಿನ ಪತ್ರೋಳಿ, ನೀರಿನ ಬಾಟ್ಲಿ ಗಾಳಿಗೆ ಹಾರ್ತಿರ್ತಾವ. ನಮಗ ಸಾರ್ವಜನಿಕ ಜಾಗಾ ಅಂದ್ರ ಯಾರದೂ ಅಲ್ಲದ ಜಾಗಾ, ಅದಕ್ಕ ಇವತ್ತು ನಂದು. ಧಾರವಾಡದಾಗೂ ಸಾಧನಕೇರಿ ಅದ, ಬೇಂದ್ರೆಯವರ ಮನಿ ಎದುರಿಗೆ ಕೆರಿ, ತ್ವಾಟ, ಎಂಥಾ ಛಂದ ಜಾಗಾ. ಅಲ್ಲಿ ಲಗ್ನ ಮಾಡಲಿಕ್ಕೆ ಬಿಡ್ರಿ ಅಂತ ನಾ ಕೇಳೂದಿಲ್ಲ. ಒಂದು ಲಗ್ನಕ್ಕ ಬಿಟ್ರ ಮರುವಾರ ಡಾಲ್ಬಿ ಬರ್ತದ. ಅಲ್ಲೀವರಂಗ ಬಿಗಿ ನಿಯಮ ಇಟ್ಟು, ಮುರದ್ರ ಬಡವ ಬಲ್ಲಿದ ಅನ್ನದ ದಂಡಾ ಹಾಕೂವಂಗಿದ್ರ ಮಾತು ಬ್ಯಾರೆ. ಬೆಂಗಳೂರಿನ ಕಬ್ಬನ್ ಪಾರ್ಕು, ಲಾಲ್‌ಬಾಗು ಉಳಸಲಿಕ್ಕೆ 1975ರಾಗ ಒಂದು ಕಾಯಿದೇನ ಮಾಡಬೇಕಾತು. ನಮ್ಮ ಮ್ಯಾಲೆ ನಮಗ ಎಷ್ಟು ಭರವಸಿ ಅದ ಅಂತ ಅದರಾಗ ತಿಳೀತದ.

ಸಣ್ಣ ಲಗ್ನ ಅಮೇರಿಕಾದಿಂದ ಬಂದದ್ದೂ ಅಲ್ಲ, ಅದನ್ನೂ ಹೇಳಬೇಕು. ಕುವೆಂಪು ಅವರು ಮಂತ್ರ ಮಾಂಗಲ್ಯ ಬರದ್ರು, ಮಗ ತೇಜಸ್ವಿಯವರ ಲಗ್ನ 1966ರಾಗ ಹಂಗ ಆತು. ಧರ್ಮಸ್ಥಳದಾಗ 1972ರಿಂದ ಸಾಮೂಹಿಕ ಲಗ್ನ ನಡದಾವ. ಓದಿ ಮೆಚ್ಚಿ ತಲಿ ಅಲ್ಲಾಡಿಸಿದವರು ನಾವೆಲ್ಲಾ. ನಮ್ಮ ಮನೀಗೆ ಬಂದಾಗ ಮಾತ್ರ, "ಮಂದಿ ಏನಂತಾರ?"

ಅಗ್ನಿ ಇಲ್ಲ ಅನ್ನೂದನ್ನ ಅತ್ತಿಯವರಿಗೆ ಹೇಳೂದು ನನ್ನ ಪಾಲಿಗೆ ಬಂತು. ನಮ್ಮ ದೇಶದ 1955ರ ಹಿಂದೂ ವಿವಾಹ ಕಾಯಿದೆಯೊಳಗೂ ಸಪ್ತಪದಿ ಇರೂ ಲಗ್ನ ಅಗ್ನಿಯ ಮುಂದ ಏಳನೇ ಹೆಜ್ಜಿ ಇಟ್ಟಾಗ ಪೂರಾ ಆಗ್ತದ ಅಂತ ಅದ. ಇದನ್ನ ಎತ್ತತಾರ ಅಂತ ತಯಾರಾಗಿ ಹೋದೆ. ಅವರು ಸುಮಾರು ಹೊತ್ತು ಬತ್ತಿ ಹೊಸಕೋತ ಕೂತು, "ಮುಂಜಾನೆ ಸೂರ್ಯಾ ಇರ್ತಾನಲ್ಲ. ಅಂವಾ ಏನು ಬೆಂಕಿ ಅಲ್ಲೇನು? ಅವನ ಕಡೆ ಮಾರಿ ಮಾಡಿ ನಡಸ್ರಿ. ಹೋಮ ಇಲ್ಲಿಗೆ ಬಂದಾಗ ಮನ್ಯಾಗ ಮಾಡೋಣ" ಅಂದ್ರು. ಐವತ್ತು ವರ್ಷದಾಗ ಅವರಿಗೆ ನಾ ಇಷ್ಟು ಅಂಜಬಾರದಿತ್ತು ಅಂತ ಅನಸಿದ್ದು ಅವತ್ತ. ಆ ಮಂಟಪ ಕೆರಿಯ ಪಶ್ಚಿಮ ದಂಡಿಗೆ ಇದ್ದದ್ದಕ್ಕ ಎದುರಿಗೆ ನೀರು, ನೀರಿನ ಮ್ಯಾಲೆ ಮೂಡಣದ ಸೂರ್ಯಾ. ಹುಡುಕಿ ಇಟ್ಟಂಗ ಆತು.

ನಾವು ಹೊರಡೂ ನಾಕು ದಿನ ಮುಂಚೆ ಗದಗಿನಿಂದ ಒಂದು ಪಾರ್ಸಲ್ ಬಂತು. ಒಳಗ ಇಳಕಲ್ ಸೀರಿ, ಟೋಪ ತೆನಿ ಸೆರಗು. ಸೋದರಮಾವನ ಸೀರಿ. ಚೀಟಿ ಇಲ್ಲ, ಹೆಸರಿಲ್ಲ. ಅದನ್ನ ಹಿಡಕೊಂಡು ನಾ ಅಡಗಿಮನ್ಯಾಗ ಹೋಗಿ ನಿಂತೆ. ಮಗಳು ಲಗ್ನಕ್ಕ ಅಂತ ತಗಸಿದ್ದು ಬ್ಯಾರೆ ಸೀರಿ ಇತ್ತು. ಫೋಟೋ ಕಳಿಸಿದ್ದಕ್ಕ, "ಇದನ್ನ ಉಡ್ತೀನಿ" ಅಂದ್ಲು. ನಾ ಏನೂ ಹೇಳಿರಲಿಲ್ಲ.

ಲಗ್ನದ ಮುಂಜಾನೆ ಎಂಟೂವರಿಗೆ ಹೋದ್ವಿ. ಪರವಾನಗಿ ಇದ್ರ ಪಾರ್ಕು ನಮ್ಮದು ಅಂತ ತಿಳದಿದ್ದೆ. ಹಂಗೇನಿಲ್ಲ. ನಮ್ಮ ಮಂಟಪದ ಬಾಜೂಕ್ಕ ಒಬ್ಬ ಬೆವರು ಸುರಿಸಿಕೋತ ಓಡಿದ, ಒಬ್ಬಾಕಿ ಮೂರು ನಾಯಿ ಹಿಡಕೊಂಡು ನಿಂತು ನೋಡಿದ್ಲು, ನಾಯಿ ಮುಂದ ನಡದ ಮ್ಯಾಲೆ ಹೋದ್ಲು. ಯಾರನ್ನೂ ಸರೀರಿ ಅನ್ನೂಹಂಗಿಲ್ಲ. ನಾವೂ ಅಲ್ಲಿ ಬಂದ ಮಂದಿನ. ಆ ದೇಶದಾಗ ಅಷ್ಟ ಅಲ್ಲ, ಎಲ್ಲಿ ಇದ್ರೂ ಲಗ್ನದ ಮನಿಯವರಿಗೆ ಇದು ಛಲೋ ಪಾಠ ಅನಸ್ತು ನನಗ.

ಅಂತರಪಟಕ್ಕ ಗಿಡ ಬೇಕಿಲ್ಲ, ಕಂಬ ಬೇಕಿಲ್ಲ. ಇಬ್ಬರು ಹಿಡದ್ರ ಆತು. ಮಗ ತಂಗಿ ಕೈ ಹಿಡದು ಕರಕೊಂಡು ಬಂದ. ಅಲ್ಲಿ ಯಾರು ಇರಬೇಕಿತ್ತು ಅಂತ ನಮ್ಮನಿಯವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾವು ಒಬ್ಬರನ್ನೊಬ್ಬರು ನೋಡಲಿಲ್ಲ. ಭಟ್ರು ತೆಲುಗಿನವರು, ದನಿ ಹೆಂಗಿತ್ತಂದ್ರ ಮೈಕು ಇದ್ದಿದ್ರ ಒಡೀತಿತ್ತು. ಮಂಗಲಾಷ್ಟಕದಾಗ ನಮ್ಮ ಕಡೆ 'ಸಾವಧಾನ' ಅನ್ನೂ ಮುಂದ ಎಲ್ಲಾರೂ ದನಿ ಕೂಡಸ್ತೀವಲ್ಲ, ನಮ್ಮ ಐದು ಮಂದಿ ದನಿ ತೆಳ್ಳಗ ಕೇಳಿಸ್ತು. ಆದ್ರ ಬೀಗಿತ್ತಿ ಸೆರಗಿನಾಗಿಂದ ಶಂಖ ತಗದು ಊದಿದ್ರು ನೋಡ್ರಿ! ಅದರ ಬೆನ್ನಿಗೆ ಅವರ ಕಡೆ ಹೆಣ್ಣಮಕ್ಕಳೆಲ್ಲಾ ನಾಲಿಗಿ ಹೊರಳಿಸಿ ಉಲೂಧ್ವನಿ ಮಾಡಿದ್ರು. ಮೈಕಿಗೆ ಪರವಾನಗಿ ಬೇಕು, ಗಂಟಲಿಗೆ ಬೇಡಲ್ಲ. ಕೆರಿಯೊಳಗ ದೋಣಿ ಹುಟ್ಟು ಹಾಕಲಿಕತ್ತಿದ್ದ ಗಂಡಾ ಹೆಂಡ್ತಿ ದೋಣಿ ನಿಂದರಿಸಿ ಚಪ್ಪಾಳಿ ಹೊಡದ್ರು. ಅವರು ಯಾರೋ, ಯಾವ ಊರಿನವರೋ. 640ರ ಯಾದ್ಯಾಗ ಬರದಿದ್ದವರಾಗ ಎಷ್ಟೋ ಮಂದಿ ಊಟದ ಪಂಕ್ತಿಗೆ ಹೋಗಿ ಕೂತಿದ್ರು, ಮುಹೂರ್ತಾನ ನೋಡಿರಲಿಲ್ಲ.

ಅಕ್ಕಿಕಾಳಿನದು ಹಿಂಗ ಮಾಡಿದ್ವಿ. ಅಕ್ಕಿ ಒಗೀಬಾರದು ಅಂದಾರ, ಇಡಬಾರದು ಅಂದಿಲ್ಲ. ಒಬ್ಬೊಬ್ಬರಾಗಿ ಹತ್ತರ ಬಂದು ಎರಡೂ ತಲಿ ಮ್ಯಾಲೆ ಚಿವುಟಿಯಷ್ಟು ಅಕ್ಕಿಕಾಳು ಇಟ್ರು. ಕೆಳಗ ಬಿದ್ದದ್ದನ್ನ ಹಿಡೀಲಿಕ್ಕೆ ಆಕಿ ಸೆರಗು ಒಡ್ಡಿದ್ಲು, ಅಂವಾ ಉಪರಣಿ ಒಡ್ಡಿದ. ಮೂವತ್ತು ಮಂದಿ, ಪ್ರತಿಯೊಬ್ಬರೂ ಅವರ ಕಣ್ಣು ನೋಡಿ, ಏನೋ ಒಂದು ಮಾತು ಅಂದು ಇಟ್ರು. ಬೀಗರ ಮುಪ್ಪಿನ ಕಾಕಾ ಒಬ್ಬರು, ಅವರ ಸಲುವಾಗಿ ಒಂದ ಒಂದು ಮಡಚೂ ಕುರ್ಚಿ ತಂದಿದ್ವಿ, ಅವರಂತೂ ಎದ್ದು ಬಂದು ಅಳಲಿಕ್ಕೇ ಹತ್ತಿದ್ರು. ಕಾರ್ಯಾಲಯದಾಗ ನಾವು ನಲವತ್ತು ಫೂಟು ದೂರದಿಂದ ಒಗೀತೀವಿ, ಅದು ಫೋಟೋದವನ ಬೊಕ್ಕತಲಿ ಮ್ಯಾಲೆ ಬೀಳ್ತದ. ಈ ಒಂದು ಮಾತಿನಾಗ ನಾ ಪಾರ್ಕಿನ ನಿಯಮಕ್ಕ ಕೈ ಮುಗೀತೀನಿ.

ಸಪ್ತಪದಿ ನಡಿಯೂ ಹೊತ್ತಿಗೆ ಬಿಸಲು ನೀರಿನಿಂದ ಹೊಳದು ಕಣ್ಣಿಗೆ ಹೊಡೀಲಿಕ್ಕೆ ಹತ್ತಿತ್ತು. ಏಳು ಹೆಜ್ಜಿ ಇಡಲಿಕ್ಕೆ ಆ ಮಂಟಪ ಸಾಲಲಿಲ್ಲ, ಏಳನೇದು ಹೊರಗ ಬಂಡಿ ಮ್ಯಾಲೆ ಇಟ್ರು. ಆರತಿ ಬರೇ ಕೆಂಪುನೀರಿಂದು, ದೀಪ ಇಲ್ಲದ್ದು. ಆ ನೀರನ್ನೂ ಅಲ್ಲಿ ಚೆಲ್ಲಲಿಲ್ಲ, ಬಾಟ್ಲಿಗೆ ತುಂಬಿಕೊಂಡು ಮನಿಗೆ ತಂದ್ವಿ. ಮೊಮ್ಮಗ ಅದನ್ನ ಶರಬತ್ತು ಅಂತ ಬೇಡಿದ. ಹತ್ತೂವರಿಗೆ ಎಲ್ಲಾ ಆಗಿತ್ತು. ಸೊಸಿ ಬಗ್ಗಿ ಬಗ್ಗಿ ಕೆಳಗ ಬಿದ್ದ ನಾಕು ಕಾಳು ಆರಿಸಿದ್ಲು. ಲೆಕ್ಸಿಂಗ್ಟನ್ ಅವೆನ್ಯೂದಾಗ 28ನೇ ಸ್ಟ್ರೀಟಿನ ಸುತ್ತ ನಮ್ಮ ದಕ್ಷಿಣದ ಊಟದ ಹೋಟೆಲು ಸಾಲಾಗಿ ಅದಾವ, ಅಲ್ಲಿ ಊಟ. ಛಲೋ ಇತ್ತು. ಬುಂದಿ ಲಾಡು ನಾ ಧಾರವಾಡದಿಂದ ಕಟಗೊಂಡು ಹೋಗಿದ್ದೆ.

ಈಗ ಓಣಿಯವರ ಮಾತಿಗೆ ಬರ್ತೀನಿ. ಸೂಕ್ಷ್ಮದಾಗ ಕೆಲಸಾ ಆತು ಅಂದ್ರಲ್ಲ? ಆ ಒಂದು ತಾಸು ಸೂಕ್ಷ್ಮ. ಆದ್ರ ದೊಡ್ಡ ಲಗ್ನದಾಗ ನಾವು ರೊಕ್ಕಾ ಕೊಟ್ಟು ಮುಗಸ್ತೀವಿ, ಸಣ್ಣ ಲಗ್ನದಾಗ ಬ್ಯಾರೆಯವರ ಮನಸ್ಸಿನಿಂದ ಕೊಡಸ್ತೀವಿ. ಕರೀಲಾರದ ಮಂದಿ ಆ ಖರ್ಚು ತುಂಬ್ತಾರ. ತುಂಬಬಾರದು ಅಂತ ನಾ ಹೇಳೂದಿಲ್ಲ. ಹುಡುಗೂರಿಗೆ ಮೂವತ್ತು ಮಂದಿ ಸಾಕು ಅನಿಸಿದ್ರ ಅದು ಅವರ ಲಗ್ನ. ಆದ್ರ ಕರಿಯೂ ಮಂದಿ ಮನಿಗೆ ನಾವು ಅರಿಷಿಣ ಕುಂಕುಮ ಹಿಡಕೊಂಡು, ಪತ್ರಿಕಿ ಕೈಯಾಗ ಇಟ್ಟು ಹೇಳಿ ಬರ್ತೀವಲ್ಲ, ಹಂಗ ಕರೀಲಾರದವರ ಮನಿಗೆ ಅದಕ್ಕಿಂತ ಮದಲ ಹೋಗಬೇಕು. ಕೂತು, ಚಹಾ ಕುಡದು, "ನಿಮ್ಮನ್ನ ಕರೀಲಿಕ್ಕೆ ಆಗೂದಿಲ್ಲ, ಕಾರಣ ಇಂಥದು" ಅಂತ ಖರೇ ಕಾರಣ ಹೇಳಬೇಕು. ವಾಟ್ಸಾಪಿನಾಗ 'ನಿಮ್ಮ ಆಶೀರ್ವಾದ ಇರಲಿ' ಅಂತ ಹೂವಿನ ಚಿತ್ರ ಕಳಸೂದಲ್ಲ. ವೀಸಾದ ನೆವಾ ಹೇಳೂದಂತೂ ಅಲ್ಲವೇ ಅಲ್ಲ. ಹುಡುಗೂರಿಗೂ ಇದನ್ನ ಹೇಳ್ತೀನಿ. ಯಾದಿ ಸಣ್ಣದು ಮಾಡೂ ನಿರ್ಧಾರ ನಿಮ್ಮದಾದ್ರ, ಮಾಮಾಗ, ಕಾಕಾಗ ಫ್ಹೋನ್ ಮಾಡಿ ಹೇಳೂ ಕೆಲಸನೂ ನಿಮ್ಮದು. ಅದನ್ನ ಅವ್ವ ಅಪ್ಪನ ಕೊರಳಿಗೆ ಕಟ್ಟಬ್ಯಾಡ್ರಿ. ಮಗಳಿಗೆ ಇದನ್ನ ಹೇಳಿದಾಗ, "ನೀನ ಹೇಳ್ತೀನಿ ಅಂದಿದ್ದೆಲ್ಲಮ್ಮಾ" ಅಂದ್ಲು. ಅದೂ ಖರೇ.

ತಿರುಗಿ ಬಂದ ಎಂಟನೇ ದಿನ ಗದಗಿಗೆ ಹೋದೆ, ಒಬ್ಬಾಕೀನ, ಬಸ್ಸಿನಾಗ. ಸೆರಗಿನಾಗ ಹಿಡದ ಅಕ್ಕಿಕಾಳನ್ನ ಒಂದು ಸಣ್ಣ ಸ್ಟೀಲಿನ ಡಬ್ಬ್ಯಾಗ ಹಾಕಿಕೊಂಡು ತಂದಿದ್ದೆ. ಅಣ್ಣ ಹೊರಗಿನ ಖೋಲ್ಯಾಗ ಪೇಪರ್ ಓದಲಿಕತ್ತಿದ್ದ. "ಬಾ" ಅಂದ, ಅಷ್ಟ. ವೈನಿ ಚಹಾ ತಂದಿಟ್ಟು ಒಳಗ ಹೋದ್ರು, ಬಾಗಲದ ಹಿಂದ ನಿಂತಾರ ಅಂತ ನನಗ ಗೊತ್ತಿತ್ತು.

"ವೀಸಾದ ಮಾತು ಸುಳ್ಳು ಹೇಳಿದೆ ಅಣ್ಣಾ. ಯಾರನ್ನೂ ಕರೀಬಾರದು ಅಂತ ನಾವ ಮಾಡಿದ್ವಿ. ನಿನಗ ಹೇಳಲಿಕ್ಕೆ ಧೈರ್ಯ ಆಗಲಿಲ್ಲ."

"ಆರು ಮಂದಿ ಗೆಳತ್ಯಾರು ಬಂದಿದ್ರಂತ?" ಅಂದ. ಪೇಪರ್ ಕೆಳಗ ಇಡಲಿಲ್ಲ.

"ಹೌದು."

ಅದಕ್ಕ ನನ್ನ ಕಡೆ ಉತ್ತರ ಇರಲಿಲ್ಲ, ಇವತ್ತೂ ಇಲ್ಲ. ಡಬ್ಬಿ ಮುಂದಿಟ್ಟೆ. ತಗದು ನೋಡಿದ, ಬಾಯಿ ಹಾಕಿದ, ಎದ್ದು ಹೋಗಿ ದೇವರ ಮನ್ಯಾಗ ಇಟ್ಟು ಬಂದ. ಮತ್ತ ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಆಮ್ಯಾಲೆ ಕೈ ಮುಂದ ಮಾಡಿ, "ಫೋಟೋ ತೋರಿಸು" ಅಂದ. ಚಾಳೀಸು ಏರಿಸಿ ಫೋನ್ ಕಣ್ಣಿನ ಹತ್ತರ ಹಿಡದ. ಕೆರಿ ನೋಡಲಿಲ್ಲ, ಮಂಟಪ ನೋಡಲಿಲ್ಲ, ಎರಡು ಬೆರಳಿಲೆ ಹಿಗ್ಗಿಸಿ ಹಿಗ್ಗಿಸಿ ಸೀರಿ ನೋಡಿದ.

"ಸೆರಗು ಸರಿ ಹೊದ್ದಿಲ್ಲ ಆಕಿ," ಅಂದ. "ಟೋಪ ತೆನಿ ಮುಂದ ಕಾಣಬೇಕು. ಹೇಳಿಕೊಡೂರು ಯಾರಿದ್ರು ಅಲ್ಲಿ?"

ಚಹಾ ಆರಿ ಕೆನಿ ಕಟ್ಟಿತ್ತು. ವೈನಿ ಬಂದು ಕಪ್ಪು ಎತಗೊಂಡು, ಮತ್ತ ಕಾಸಲಿಕ್ಕೆ ಒಳಗ ಹೋದ್ರು.